ಹುತ್ರಿದುರ್ಗದ ಮಗ್ಗುಲಿನ ಮನೆ

ಗೋವಿಂದರಾಜು ಇಪ್ಪತ್ತೆರಡು ವರ್ಷ ಬೋರ್‌ವೆಲ್ ಲಾರಿ ಓಡಿಸಿದವನು. ಹುಟ್ಟೂರು ನಿಟ್ಟೂರಾದರೂ ಅಲ್ಲಿ ಅವನು ಜನರ ಕಣ್ಣಿಗೆ ಬಿದ್ದದ್ದು ಕಡಿಮೆ. ಪಾವಗಡದಲ್ಲಿ ಉಂಡು ಕುಣಿಗಲ್‌ನಲ್ಲಿ ಕೈ ತೊಳೆಯುವ ಗಂಡಸು ಎಂದು ಹೆಂಡತಿ ವಾಣಿಶ್ರೀ ತಮಾಷೆ ಮಾಡುತ್ತಿದ್ದಳು. ಒಂದು ದಿನ ಗುಬ್ಬಿ ಹತ್ತಿರದ ತೋಟವೊಂದರಲ್ಲಿ ಬೋರು ಕೊರೆಯುವಾಗ ಕಬ್ಬಿಣದ ರಾಡು ಜಾರಿ ಅವನ ಬೆನ್ನ ಮೇಲೆ ಬಿತ್ತು. ಅಲ್ಲಿಂದೀಚೆಗೆ ಸೊಂಟದ ಕೆಳಗೆ ಸ್ವಾಧೀನವಿಲ್ಲ. ಆಗವನಿಗೆ ನಲವತ್ತೈದು.

ಮನೆ ಇದ್ದದ್ದು ತುಮಕೂರಿನ ಸದಾಶಿವನಗರದಲ್ಲಿ, ಎರಡನೇ ಮಹಡಿ. ವಾಣಿಶ್ರೀ ನರ್ಸ್ ಆಗಿದ್ದ ನರ್ಸಿಂಗ್ ಹೋಮ್‌ಗೆ ಹತ್ತಿರವೆಂದು ಹಿಡಿದ ಮನೆ. ಲಿಫ್ಟ್ ಇಲ್ಲ, ಮೂವತ್ತೆಂಟು ಮೆಟ್ಟಿಲು. ಮೂರು ವರ್ಷದಲ್ಲಿ ಗೋವಿಂದರಾಜು ಕೆಳಗಿಳಿದದ್ದು ಏಳೇ ಸಲ, ಏಳೂ ಸಲ ಡಾಕ್ಟರ ಬಳಿಗೆ. ಕೆಳಗಿನ ಟೈರ್ ಅಂಗಡಿಯ ಇಬ್ಬರು ಗಾಲಿಕುರ್ಚಿ ಸಮೇತ ಅವನನ್ನು ಎತ್ತಿ ಇಳಿಸಬೇಕಿತ್ತು. ಅವರು ಬೇಸರಪಡುವವರಲ್ಲ. ಆದರೆ ಮೆಟ್ಟಿಲಿನ ತಿರುವಿನಲ್ಲಿ ಅವರು ಉಸಿರು ಬಿಗಿಹಿಡಿದಾಗೆಲ್ಲ ತಾನೊಂದು ಕಬ್ಬಿಣದ ಬೀರು ಅನ್ನಿಸುತ್ತಿತ್ತು ಅವನಿಗೆ. ಕರೆಯುವುದನ್ನೇ ಬಿಟ್ಟ.

ಮೊಬೈಲಿನ ಮ್ಯಾಪ್ ಹಿಡಿದದ್ದು ಆ ದಿನಗಳಲ್ಲೇ. ಮೊದಮೊದಲು ತಾನು ಲಾರಿ ಓಡಿಸಿದ ರಸ್ತೆಗಳನ್ನಷ್ಟೇ ಬೆರಳಿನಿಂದ ಸವರುತ್ತಾ ಹೋಗುತ್ತಿದ್ದ. ಒಂದು ಮಧ್ಯಾಹ್ನ ಎರಡು ಬೆರಳು ಇಟ್ಟು ಮೇಲಕ್ಕೆ ಎಳೆದ. ಚಪ್ಪಟೆಯಾಗಿದ್ದ ಹಸಿರು ಎದ್ದು ನಿಂತು ಬೆಟ್ಟವಾಯಿತು. ಬೋರ್ ಲಾರಿಗೂ ಬೆಟ್ಟಕ್ಕೂ ಆಗಿಬರುವುದಿಲ್ಲ. ಅಷ್ಟು ವರ್ಷ ಬೆಟ್ಟಗಳ ಪಕ್ಕದಲ್ಲೇ ಹಾದುಹೋದರೂ ಒಂದರ ಬುಡದಲ್ಲೂ ಸುಮ್ಮನೆ ನಿಂತು ನೋಡಿರಲಿಲ್ಲ ಅವನು.

ಬೆಟ್ಟದ ಬುಡದಲ್ಲೊಂದು ಮನೆ ಮಾಡಬೇಕು, ನೆಲಮಟ್ಟದಲ್ಲಿ, ಬಾಗಿಲು ತೆಗೆದರೆ ಅಂಗಳ ಇರಬೇಕು ಎಂಬ ಆಸೆ ಹತ್ತಿದ್ದೇ ಹಾಗೆ. ದೇವರಾಯನದುರ್ಗ ನೋಡಿದ, ಭಾನುವಾರ ಕಾರುಗಳ ಗದ್ದಲವೆಂದು ಬಿಟ್ಟ. ಮಧುಗಿರಿ ನೋಡಿದ, ಬರೀ ಬಂಡೆ, ಬೇಸಿಗೆಯಲ್ಲಿ ಕಾವಲಿಯಂತೆ ಕಾಯುತ್ತದೆಂದು ಬಿಟ್ಟ. ಕೊನೆಗೆ ಕುಣಿಗಲ್ ಕಡೆಯ ಹುತ್ರಿದುರ್ಗದ ಮೇಲೆ ಮನಸ್ಸು ನಿಂತಿತು. ಬೆಟ್ಟದ ಪೂರ್ವಕ್ಕೊಂದು ಚಿಕ್ಕ ಹಳ್ಳಿ. ಸಂಜೆ ಬೇಗ ನೆರಳು ಬೀಳುತ್ತದೆ, ರಸ್ತೆ ಏರಿಳಿತವಿಲ್ಲದೆ ಸಮ ಇದೆ, ಕುರ್ಚಿ ತಳ್ಳಿಕೊಂಡು ಕೆರೆಯವರೆಗೆ ಹೋಗಬಹುದು. ಹಿಂದೆ ಜೊತೆಯಲ್ಲಿ ದುಡಿದಿದ್ದ ಕುಣಿಗಲ್‌ನ ಕದರಯ್ಯನಿಗೆ ಫೋನು ಮಾಡಿದ. ಕದರಯ್ಯ ಹೋಗಿ ನೋಡಿ, ಖಾಲಿ ಮನೆಯೊಂದನ್ನು ಹುಡುಕಿಯೂ ಬಿಟ್ಟ.

ವಾಣಿಶ್ರೀಗೆ ಎಲ್ಲವನ್ನೂ ತೋರಿಸಿದ. ಅವಳು ಸೊಪ್ಪು ಬಿಡಿಸುತ್ತಾ, "ಚೆನ್ನಾಗೈತೆ" ಎಂದಳು, ಅಷ್ಟೇ. ಅವನಿಗೆ ಅಷ್ಟೇ ಸಾಕಾಗಿತ್ತು.

ಒಂದು ಭಾನುವಾರ ಕದರಯ್ಯ ಓಮ್ನಿ ತಂದ. ಟೈರ್ ಅಂಗಡಿಯವರು ಇಳಿಸಿಕೊಟ್ಟರು, ವಾಣಿಶ್ರೀಯೂ ಜೊತೆಗೆ ಹೊರಟಳು. ಕುಣಿಗಲ್ ದಾಟಿದ ಮೇಲೆ ಗೋವಿಂದರಾಜುವಿನ ಬಾಯಿ ನಿಲ್ಲಲಿಲ್ಲ.

"ಮುಂದೆ ಎಡಕ್ಕೊಂದು ಗುಡಿ ಬರ್ತದೆ. ಅದು ದಾಟಿದ್ರೆ ಡೊಂಕು."

"ಅಣ್ಣೋ, ನಾ ಇಲ್ಲೇ ಹುಟ್ಟಿರೋನು. ಸುಮ್ನೆ ಕೂತ್ಕಳಣ್ಣ," ಎಂದು ಕದರಯ್ಯ ನಕ್ಕ.

ಮನೆ ಅಂದುಕೊಂಡಂತೆಯೇ ಇತ್ತು. ಅಂಗಳ, ಅಗಲದ ಬಾಗಿಲು, ಸಮನಾದ ರಸ್ತೆ. ಬೆಟ್ಟ ಮಾತ್ರ ಮೊಬೈಲಿನಲ್ಲಿ ಕಂಡದ್ದಕ್ಕಿಂತ ಎಷ್ಟೋ ದೊಡ್ಡದು, ಕತ್ತೆತ್ತಿದರೂ ಮುಗಿಯುತ್ತಿರಲಿಲ್ಲ. ಯಾರ ಕೈಯೂ ಸೋಕದೆ ಗೋವಿಂದರಾಜು ಕುರ್ಚಿಯ ಗಾಲಿ ತಿರುಗಿಸಿಕೊಂಡು ರಸ್ತೆಗೆ ಹೋದ, ಅಂಗಳಕ್ಕೆ ಬಂದ, ಮತ್ತೆ ಹೋದ. ಮೂರು ವರ್ಷದಲ್ಲಿ ಅದೇ ಮೊದಲು.

ವಾಣಿಶ್ರೀ ಪಕ್ಕದ ಮನೆಯ ಮುದುಕಿ ದೊಡ್ಡಗಂಗಮ್ಮನ ಜೊತೆ ಮಾತಿಗೆ ನಿಂತಿದ್ದಳು.

"ಬಸ್ಸು ಹೆಂಗಜ್ಜಿ?"

"ಬೆಳಗ್ಗೆ ಎಂಟಕ್ಕೊಂದು, ಸಂಜಿಗೊಂದು ಕಣವ್ವ. ಅದೂ ಬಂದ್ರೆ ಬಂತು."

ವಾಣಿಶ್ರೀ ಗಂಡನ ಬಳಿ ಬಂದು ಜಗಲಿಯ ಮೇಲೆ ಕೂತಳು. "ನನ್ ಡ್ಯೂಟಿ ಆರಕ್ಕೆ ಶುರುವಾಗ್ತದೆ ಕಣ್ರೀ."

"ಕುಣಿಗಲ್‌ನಾಗೂ ಆಸ್ಪತ್ರೆಗಳವೆ, ಬುಡು."

"ಅಲ್ಲಿಗೂ ಅದೇ ಬಸ್ಸು." ಅವನ ಕಡೆ ತಿರುಗಿದಳು. "ರೋಡು ನೋಡಿದ್ರಿ, ನೆರಳು ನೋಡಿದ್ರಿ. ನಾನೇನ್ ಮಾಡ್ಲಿ ಇಲ್ಲಿ ಅಂತ ನೋಡಿದ್ರಾ?"

ಅವನಿಗೆ ಸಿಟ್ಟು ನೆತ್ತಿಗೇರಿತು. "ಒಳಗೇ ಕೊಳೆಯೋದು ಅಂದ್ರೇನು ಅಂತ ನಿಂಗೇನ್ ಗೊತ್ತು?"

"ಗೊತ್ತು. ಮೂರು ವರ್ಷದಿಂದ ದಿನಾ ನೋಡ್ತಿದೀನಿ. ಅದಕ್ಕೇ ಹೆದರಿಕೆ. ಇಲ್ಲಿ ನೀವು ಹೊರಗೆ ಬರ್ತೀರ, ನಾನು ಒಳಗೆ ಹೋಗ್ತೀನಿ."

ಅವಳು ಅಳುತ್ತಿರಲಿಲ್ಲ, ಕೂಗುತ್ತಲೂ ಇರಲಿಲ್ಲ. ತಿಂಗಳುಗಟ್ಟಲೆ ಅಷ್ಟು ಹುಡುಕಿದ್ದ ಮನುಷ್ಯ, ಒಂದು ಸಲವೂ ಬಸ್ಸಿನ ಟೈಮ್ ಒತ್ತಿ ನೋಡಿರಲಿಲ್ಲ. ಲಾರಿ ಓಡಿಸಿದವನಿಗೆ ಬಸ್ಸಿನ ನೆನಪೇ ಬಂದಿರಲಿಲ್ಲ.

ಸಂಜೆ ಮತ್ತೆ ಅದೇ ಮೂವತ್ತೆಂಟು ಮೆಟ್ಟಿಲು. ತಿರುವಿನಲ್ಲಿ ಕಣ್ಣು ಮುಚ್ಚಿಕೊಂಡ. ಮರುದಿನ ಕದರಯ್ಯನಿಗೆ ಫೋನು ಮಾಡಿ, "ಆ ಮನೆ ಬ್ಯಾಡ ಕಣೋ" ಎಂದ. ಎರಡು ತಿಂಗಳು ಮ್ಯಾಪ್ ತೆರೆಯಲಿಲ್ಲ. ಹೆಂಡತಿಯ ಜೊತೆ ಊಟಕ್ಕೆಷ್ಟು ಬೇಕೋ ಅಷ್ಟೇ ಮಾತು.

ಮನೆ ಹುಡುಕಲು ಹೊರಟವಳು ವಾಣಿಶ್ರೀ. ಡ್ಯೂಟಿ ಮುಗಿಸಿ ಊರೆಲ್ಲ ಅಲೆದಳು. ಗಾಲಿಕುರ್ಚಿ ಎಂದೊಡನೆ ಇಬ್ಬರು ಓನರ್‌ಗಳು ಮನೆ ಕೊಟ್ಟಾಯಿತು ಎಂದರು. ದಸರಾ ಕಳೆದ ಮೇಲೆ ತುಮಕೂರಿಗೆ ಹತ್ತಿರದ ಗೂಳೂರಿನಲ್ಲಿ ನೆಲಮಟ್ಟದ ಮನೆಯೊಂದು ಸಿಕ್ಕಿತು. ನಸುಕಿನಿಂದಲೇ ಮೇಲಿಂದ ಮೇಲೆ ಬಸ್ಸು. ಕಿಟಕಿಯಲ್ಲಿ ಕಾಣುವುದು ಪಕ್ಕದವರ ಗೋಡೆ.

ಬಂದ ದಿನವೇ ಗೋವಿಂದರಾಜು ತಾನೇ ಕುರ್ಚಿ ತಳ್ಳಿಕೊಂಡು ಬೀದಿಗೆ ಹೋದ. ನಲವತ್ತು ಮಾರು ಹೋಗುವಷ್ಟರಲ್ಲಿ ಎತ್ತರದ ಹಂಪ್ ಅಡ್ಡ ಬಂತು. ಮೂರು ಸಲ ಗಾಲಿ ತಳ್ಳಿದ, ಏರಲಿಲ್ಲ. ಅಂಗೈ ಕೆಂಪಾಯಿತು. ದಾರಿಹೋಕರೊಬ್ಬರು, "ತಳ್ಳಲಾ?" ಎಂದು ಕೇಳಿದರು. ಬೇಡವೆಂದ. ಈಗ ದಿನಾ ಸಂಜೆ ಅವನು ಹೋಗುವುದು ಅಲ್ಲಿಯವರೆಗೆ. ವಾಣಿಶ್ರೀ ಬಸ್ಸಿಳಿದು ಆ ದಾರಿಯಲ್ಲೇ ಬರುತ್ತಾಳೆ, ಚೀಲವನ್ನು ಅವನ ತೊಡೆಯ ಮೇಲಿಟ್ಟು ಕುರ್ಚಿಯನ್ನು ಮನೆಯ ಕಡೆಗೆ ತಿರುಗಿಸುತ್ತಾಳೆ.