ಚರಗಕ್ಕೊಂದು ಓ

ಆಂಟಿ ನಡೆಯುವಾಗ ಕತ್ತು ಸ್ವಲ್ಪ ಎಡಕ್ಕೆ ತಿರುಗಿರುತ್ತಿತ್ತು. ಬಲಗಿವಿ ಕೇಳುತ್ತಿರಲಿಲ್ಲ. ಹಿಂದಿನಿಂದ ಯಾರಾದರೂ ಕರೆದರೆ ತಪ್ಪಿಹೋಗಬಾರದೆಂದು ಎಡಗಿವಿಯನ್ನು ಸದಾ ಹಿಂದಕ್ಕೆ ಕೊಟ್ಟಿರುತ್ತಿದ್ದರು. ಅಮೆರಿಕದ ಫಾರ್ಮಿಂಗ್ಟನ್ ಹಿಲ್ಸ್‌ನ ನಮ್ಮ ಬಡಾವಣೆಯಲ್ಲಿ ಕರೆಯುವವರು ಯಾರಿದ್ದರು? ಎಲ್ಲರೂ ಕಾರಿನೊಳಗೇ ಇರುತ್ತಿದ್ದರು.

ಅವರು ಬಾಗಲಕೋಟೆ ಕಡೆಯವರು, ನಾನು ಮೈಸೂರಿನವಳು. ನಮ್ಮಿಬ್ಬರ ನಡುವೆ ಮೂರೇ ಮನೆ. "ನಿಮ್ಮ ಕನ್ನಡಾ ಭಾಳ ಮೆತ್ತಗ ಐತಿ ತಂಗಿ, ಹಲ್ಲಿಲ್ದವ್ರೂ ಮಾತಾಡಬಹುದು" ಎಂದು ಕಾಲೆಳೆಯುತ್ತಿದ್ದರು. ಅವರ ಗಂಡ ಡಾಕ್ಟರ್ ಅಂಕಲ್ ತೀರಿಕೊಂಡ ಮೇಲೆ ಆ ಮನೆಯಲ್ಲಿ ಒಬ್ಬರೇ ಇದ್ದರು. ಕಾಫಿ ಕುಡಿಯುವ ಮುಂಚೆ ಹಿತ್ತಲ ಬಾಗಿಲು ತೆರೆದು ಒಂದು ಗುಟುಕು ನೆಲಕ್ಕೆ ಚೆಲ್ಲುತ್ತಿದ್ದರು. "ನೆಲಕ್ಕೂ ಹಸಿವಿರ್ತೈತಿ."

ಒಂದು ದಿನ ಅಂಗಡಿಯಲ್ಲಿ ಪೆರು ದೇಶದ ಧಾನ್ಯದ ಪೊಟ್ಟಣ ಹಿಡಿದು ನಿಂತುಬಿಟ್ಟರು. ಮೇಲೆ ದಂಟಿನ ಜಾತಿಯ ಕೆಂಪು ತೆನೆಯ ಚಿತ್ರವಿತ್ತು. "ಇದು ನಮ್ಮ ರಾಜಗಿರಿ! ಇದು ಬೆಳಿಯೂ ಹೊಲಾ ನೋಡ್ಬೇಕು. ಅಲ್ಲಿ ಒಮ್ಮೆ ಚರಗಾ ಚೆಲ್ಲಬೇಕು."

ಚರಗ ಅಂದರೆ ತೆನೆ ಹೊತ್ತ ಹೊಲಕ್ಕೆ ಉಣ್ಣಲಿಕ್ಕೆ ಬಡಿಸುವುದು. ಮುಂದಿನವರು ಅಡುಗೆ ಚೆಲ್ಲುತ್ತಾ "ಹುಲ್ಲುಲ್ಲಿಗೋ" ಎಂದು ಕೂಗಿದರೆ, ಹಿಂದಿನವರು ನೀರು ಚಿಮುಕಿಸುತ್ತಾ "ಚಳ್ಳಾಂಬರಿಗೋ" ಎಂದು ಓಗೊಡಬೇಕು. ಒಬ್ಬರೇ ಮಾಡುವಂಥದ್ದಲ್ಲ. ಅಮೆರಿಕಕ್ಕೆ ಬಂದಾಗಿನಿಂದ ಅವರು ಚರಗ ಚೆಲ್ಲಿರಲಿಲ್ಲ. ಮನೆ ಮುಂದಿನ ಲಾನ್ ತೋರಿಸಿ, "ಇದಕ್ಕೇನ್ ಉಣಿಸೂದು, ಬರೇ ಹುಲ್ಲು" ಎನ್ನುತ್ತಿದ್ದರು.

ಏಪ್ರಿಲ್ ರಜೆಯಲ್ಲಿ ಮಗಳ ಜೊತೆ ಅವರನ್ನೂ ಕರೆದುಕೊಂಡು ಪೆರುವಿಗೆ ಹೋದೆ. ಆಂಡೀಸ್‌ನ ಆ ಕಣಿವೆ ನಿಜವೋ ಕನಸೋ ಈಗಲೂ ಗೊತ್ತಿಲ್ಲ. ಮೋಡ ನಮ್ಮ ಕಾಲ ಕೆಳಗಿತ್ತು. ಸಂತೆಯಲ್ಲಿ ನೇರಳೆ, ಹಳದಿ, ಕಪ್ಪು ಆಲೂಗೆಡ್ಡೆಗಳು. ಹೆಂಗಸರು ಬಣ್ಣದ ಬಟ್ಟೆಯಲ್ಲಿ ಕೂಸುಗಳನ್ನು ಬೆನ್ನಿಗೆ ಕಟ್ಟಿಕೊಂಡು ಸದ್ದಿಲ್ಲದೆ ಗುಡ್ಡ ಹತ್ತುತ್ತಿದ್ದರು. ಉಸಿರು ತೆಳ್ಳಗಾಗಿ ನನ್ನ ಮಾತೇ ನನಗೆ ದೂರದಿಂದ ಕೇಳಿಸುತ್ತಿತ್ತು. ಆಂಟಿ ಮಾತ್ರ ತವರಿಗೆ ಬಂದವರಂತೆ ಎಲ್ಲರಿಗೂ ಕನ್ನಡದಲ್ಲೇ "ಆರಾಮ್ ಅದೀರಿ?" ಎನ್ನುತ್ತಿದ್ದರು.

ದಾರಿಯಲ್ಲಿ ಬಸ್ಸು ನಿಂತಿತು. ಪಕ್ಕದಲ್ಲೇ ರಾಜಗಿರಿ ಹೊಲ, ಇಳಿಜಾರಿನುದ್ದಕ್ಕೂ ಕೆಂಪೋ ಕೆಂಪು. ಹೊಲದ ಅಜ್ಜಿಯೊಬ್ಬಳು ಬದುವಿನ ಮೇಲೆ ಕೂತಿದ್ದಳು. ಆಂಟಿ ಪರ್ಸಿನಿಂದ ಶೇಂಗಾ ಹೋಳಿಗೆ ತೆಗೆದರು, ನೀರಿನ ಬಾಟಲಿ ನನ್ನ ಕೈಗಿಟ್ಟರು. "ನೀ ನನ್ನ ಹಿಂದ ಬಾ. ನಾ ಕೂಗಿದ್ ಕೂಡ್ಲೆ ನೀ ಓ ಅನ್ನು."

ಬಸ್ಸಿನ ಕಿಟಕಿಗಳಿಂದ ಇಪ್ಪತ್ತು ಜನ ನೋಡುತ್ತಿದ್ದರು. "ಆಂಟಿ, ಪ್ಲೀಸ್, ಎಲ್ರೂ ನೋಡ್ತಿದಾರೆ. ಇಲ್ಲೆಲ್ಲ ಊಟ ಚೆಲ್ಲಬಾರದು," ಎಂದೆ.

ಅವರು ಆಗಲೇ ಹೊರಟಿದ್ದರು. "ಹುಲ್ಲುಲ್ಲಿಗೋ!" ನಿಂತರು, ಎಡಗಿವಿ ನನ್ನ ಕಡೆಗೆ. ನಾನು ಬಾಯಿ ಬಿಡಲಿಲ್ಲ. ಇನ್ನೊಮ್ಮೆ ಕೂಗಿದರು. ಮತ್ತೊಮ್ಮೆ. ಬಾಟಲಿಯ ಮುಚ್ಚಳವನ್ನು ಸಹ ನಾನು ತೆಗೆದಿರಲಿಲ್ಲ.

ಆಗ ಬದುವಿನ ಅಜ್ಜಿ ಎದ್ದು ಟೋಪಿ ತೆಗೆದಳು. ತಾನು ಕುಡಿಯುತ್ತಿದ್ದ ಲೋಟದಿಂದ ಒಂದಿಷ್ಟು ನೆಲಕ್ಕೆ ಸುರಿದು, ತನ್ನ ಭಾಷೆಯಲ್ಲಿ ರಾಗವಾಗಿ ಏನೋ ಕೂಗಿದಳು. ಆಂಟಿಯ ಮುಖ ಅರಳಿತು.

"ಓ ಅಂದ್ಲು ನೋಡು!"

ಬಸ್ಸಿನಲ್ಲಿ ನನ್ನ ಗಲ್ಲ ತಿವಿದು, "ನಿನ್ ಬಾಯಾಗ ಏನ್ ಇತ್ತವಾ, ಹೋಳಿಗಿ?" ಎಂದು ನಕ್ಕರು. ನನಗೆ ನಗು ಬರಲಿಲ್ಲ. "ನಮ್ಮ ಬ್ಯಾಕ್‌ಯಾರ್ಡ್‌ನಲ್ಲಿ ರಾಜಗಿರಿ ಹಾಕೋಣ ಆಂಟಿ. ಮುಂದಿನ ವರ್ಷ ನಾನೇ ಓ ಅಂತೀನಿ," ಎಂದೆ. ಮನೆಗೆ ಮರಳಿದ ಮೇಲೆ ಆಂಟಿ ಒಂದು ಪುಟ್ಟ ಡಬ್ಬಿಯಲ್ಲಿ ರಾಜಗಿರಿ ಬೀಜ ತಂದುಕೊಟ್ಟು, "ಮರೀಬ್ಯಾಡ" ಎಂದರು.

ನಾನು ಮರೆಯಲಿಲ್ಲ. ಅವರೇ ಕಾಯಲಿಲ್ಲ. ನವೆಂಬರಿನಲ್ಲಿ, ಮೊದಲ ಹಿಮ ಬಿದ್ದ ವಾರ, ನಿದ್ದೆಯಲ್ಲೇ ಹೋಗಿಬಿಟ್ಟರು.

ಮರುವರ್ಷ ಆ ಬೀಜ ಬಿತ್ತಿದೆ. ಸೆಪ್ಟೆಂಬರಿನಲ್ಲಿ ತೆನೆ ಕೆಂಪಾಯಿತು. ನನ್ನ ಹೋಳಿಗೆ ಹರಿದು ಚೂರಾಗಿತ್ತು. ಚೆಲ್ಲುವುದಕ್ಕೆ ಅನುಕೂಲವೇ ಆಯಿತು. ಮೊದಲ ಸುತ್ತು ಹೋಳಿಗೆ ಚೆಲ್ಲುತ್ತಾ ಆಂಟಿಯ ಪಾಲಿನ ಕೂಗು ಕೂಗಿದೆ. ಆಮೇಲೆ ಮೊದಲಿನ ಜಾಗಕ್ಕೆ ವಾಪಸು ಬಂದು ನೀರಿನ ಚೊಂಬು ಹಿಡಿದೆ. ಕಿಟಕಿಯಿಂದ ಮಗಳು, "ಮಾಮ್, ಹೂ ಆರ್ ಯು ಟಾಕಿಂಗ್ ಟು?" ಎಂದಳು. ಪಕ್ಕದ ಮನೆಯವರೂ ಬೇಲಿಯಾಚೆಯಿಂದ ನೋಡುತ್ತಿದ್ದರು.

ನೋಡಲಿ. ಆಂಟಿ ಮುಂದೆ ನಡೆಯುತ್ತಿದ್ದಾರೆ ಅಂದುಕೊಂಡು ಸ್ವಲ್ಪ ಎಡಕ್ಕೆ ಸರಿದು ನಿಂತೆ. ಎಡಗಿವಿಗೆ ಬೀಳುವಷ್ಟು ಜೋರಾಗಿ, "ಚಳ್ಳಾಂಬರಿಗೋ!" ಎಂದು ಕೂಗಿದೆ.