ಗೋದಲಿಯ ಹುಲ್ಲು

ಗಲ್ಫಿನ ಜುಫೈರಿನ ನಮ್ಮ ಫ್ಲ್ಯಾಟಿನಲ್ಲಿ ಬಟ್ಟೆ ಒಣಗಿಸಲಿಕ್ಕೆ ಇರುವುದು ಒಂದೇ ಬಾಲ್ಕನಿ. ಆ ವರ್ಷ ನನ್ನ ಗಂಡ ಅದರ ತುಂಬ ಹಾಲಿನ ಪುಡಿಯ ಡಬ್ಬ ಇಟ್ಟಿದ್ದರು. ಡಬ್ಬದಲ್ಲಿ ಎಂತ ಉಂಟು? ಬೆರಳುದ್ದದ ಹುಲ್ಲು! ಡ್ಯೂಟಿ ಮುಗಿಸಿ ಬಂದ ನಾನು ಒದ್ದೆ ಯೂನಿಫಾರ್ಮ್ ಹಿಡಿದು ನಿಂತು, ಇದನ್ನು ತಿನ್ನಲಿಕ್ಕೆ ಒಂದು ಆಡನ್ನೂ ತನ್ನಿ ಮಾರಾಯ್ರೆ ಎಂದು ರೇಗಿದ್ದೆ. ಹುಲ್ಲಲ್ಲ, ಜೊಂಡಿನ ಜಾತಿ ಎಂದು ತಿದ್ದಿದರು. ಶಾಲೆಯಲ್ಲಿ ಜೀವಶಾಸ್ತ್ರ ಕಲಿಸಿ ರಿಟೈರ್ ಆದವರು. ತಿದ್ದುವ ಚಾಳಿ ಮಾತ್ರ ರಿಟೈರ್ ಆಗಿರಲಿಲ್ಲ.

ಕಾರಿನ ಬ್ರೇಕ್ ಸರಿಮಾಡಿಸಲು ಟುಬ್ಲಿಯ ಗ್ಯಾರೇಜಿಗೆ ಹೋದವರು, ಕಾದು ಕಾದು ಬೇಜಾರಾಗಿ ಹಿಂದುಗಡೆ ಸುತ್ತಾಡಿದ್ದರು. ಅಲ್ಲಿ ಬತ್ತಿದ ಒರತೆಯ ಕಾಲುವೆಗೆ ಕಲ್ಲುಮಣ್ಣು ಸುರಿಯುತ್ತಿದ್ದರಂತೆ. ಇನ್ನೂ ಪಸೆಯಿದ್ದ ಒಂದು ಮೂಲೆಯಲ್ಲಿ ಈ ಗಿಡ ಇತ್ತು. ಹರೆಯದಲ್ಲಿ ಹಿಮಾಲಯಕ್ಕೆ ಹೋದಾಗ, ಹಿಮ ಕರಗುವ ಕಡೆ ಇಂಥದ್ದನ್ನೇ ನೋಡಿದ ನೆನಪು ಅವರಿಗೆ. ಇದು ಅದೇನಾ, ಅದರ ನೆಂಟನಾ, ಈ ಉಪ್ಪು ನೆಲದಲ್ಲಿ ಹೇಗೆ ಬದುಕಿತು ಎಂಬ ಯೋಚನೆ ತಲೆಗೆ ಹೊಕ್ಕಿತು. ಕೆಸರು ಸಮೇತ ಎತ್ತಿ ತಂದರು. ಆಮೇಲೆ ನಾವಿಬ್ಬರೂ ಹೋಗಿ ನೋಡಿದಾಗ ಅಲ್ಲಿ ಇಂಟರ್‌ಲಾಕ್ ಕಲ್ಲು ಹಾಸಿ ಕಾರು ನಿಲ್ಲಿಸಿದ್ದರು.

ಎಲೆ ನೋಡಿ ಹೆಸರು ಹೇಳಲಿಕ್ಕೆ ಆಗುವುದಿಲ್ಲವಂತೆ. ಹೂ ಬಿಟ್ಟು ಕಾಯಿ ಕಟ್ಟಬೇಕು, ಅದನ್ನು ಲೆನ್ಸಿನಲ್ಲಿ ನೋಡಬೇಕು. ಬೀಜವಾದರೆ ನೀರಿರುವ ಯಾವುದಾದರೂ ತೋಟದಲ್ಲಿ ಬಿತ್ತಿ ಉಳಿಸಬಹುದು ಎಂದು ಚಳಿಗಾಗಿ ಕಾಯುತ್ತಿದ್ದರು. ಚಳಿಗೆ ಮೊದಲೇ ಅವರ ಲಿವರಿನ ರಿಪೋರ್ಟ್ ಬಂತು. ನಾನು ನರ್ಸ್, ನನಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಡಿಸೆಂಬರಿನಲ್ಲಿ ಆಸ್ಪತ್ರೆಯಲ್ಲಿ ಮಲಗಿಯೂ ಅವರು ಕೇಳುತ್ತಿದ್ದದ್ದು ಮೊಗ್ಗು ಬಂತಾ ಎಂದು. ಒಂದು ದಿನ ಬಂದಿತ್ತು, ಸಾಸಿವೆಗಿಂತಲೂ ಸಣ್ಣದು. ಫೋಟೋ ತೋರಿಸಿದೆ. ಅವತ್ತು ಗಂಜಿ ಪೂರ್ತಿ ಕುಡಿದರು.

ಕ್ರಿಸ್ಮಸ್‌ಗೆ ಅವರನ್ನು ಮನೆಗೆ ಕಳಿಸಿದರು. ಬಾಗಿಲು ತೆಗೆದರೆ ಹಾಲ್‌ನಲ್ಲಿ ಗೋದಲಿ, ಬಾಲಯೇಸು ಮಲಗಿದ ಕೊಟ್ಟಿಗೆ! ಎದುರು ಫ್ಲ್ಯಾಟಿನ ಹೆಂಗಸು, ನಾವು ಬಾಯಿ ಎಂದು ಕರೆಯುವವರು, ಮಾಡಿದ್ದು. ನಮ್ಮೂರಿನ ಕಡೆಯವರೇ, ನಾವಿಲ್ಲದಾಗ ಸಾರು ಮಾಡಿ ಫ್ರಿಜ್ಜಿನಲ್ಲಿಡಲು ನಮ್ಮ ಕೀ ಅವರ ಹತ್ತಿರ ಇತ್ತು. ಹಬ್ಬಕ್ಕೆ ಮೊದಲು ಡಬ್ಬದಲ್ಲಿ ರಾಗಿ ಮೊಳಕೆ ಬರಿಸಿ, ಬಾಲಯೇಸುವಿನ ಸುತ್ತ ಗದ್ದೆ ಮಾಡುವುದು ನಮ್ಮ ಕ್ರಮ. ಬಾಲ್ಕನಿಯ ಡಬ್ಬಗಳಲ್ಲಿ ಹಸಿರು ಕಂಡರೆ ಅವರಿಗೆ ಬೇರೆ ಎಂತ ಹೊಳೆಯಬೇಕು? ಎಲ್ಲವನ್ನೂ ಕಿತ್ತು, ಬೇರಿನ ಮಣ್ಣು ಚೆನ್ನಾಗಿ ತೊಳೆದು, ಹಿಮವೆಂದು ಹರಡಿದ ಹತ್ತಿಯಲ್ಲಿ ಸಾಲಾಗಿ ನಿಲ್ಲಿಸಿದ್ದರು. ಮೇಲೆ ಬಿಸಿ ಬಲ್ಬು. ತುದಿಗಳೆಲ್ಲ ಆಗಲೇ ಜೋತುಬಿದ್ದಿದ್ದವು.

ನನಗೆ ಮೈಯೆಲ್ಲ ಉರಿದುಹೋಯಿತು. ಪಕ್ಕದಲ್ಲೇ ನಿಂತಿದ್ದ ಬಾಯಿಗೆ ನಾನು ಏನಾದರೂ ಅನ್ನುವಷ್ಟರಲ್ಲಿ ನನ್ನ ಗಂಡ ನನ್ನ ಕೈ ಗಟ್ಟಿಯಾಗಿ ಹಿಡಿದರು. ಕುರ್ಚಿ ಎಳೆಸಿಕೊಂಡು ಕೂತು, ಬಗ್ಗಿ, ತುಂಬ ಹೊತ್ತು ನೋಡಿದರು.

“ಚೆಂದ ಉಂಟು ಬಾಯಿ. ಹಿಮದ ಪಕ್ಕದಲ್ಲೇ ಇಟ್ಟಿದ್ದೀರಿ” ಎಂದರು.

ಬಾಯಿ ಖುಷಿಯಿಂದ ಕಣ್ಣೊರೆಸಿಕೊಂಡರು. ಅವರು ತಮ್ಮ ಫ್ಲ್ಯಾಟಿಗೆ ಹೋದದ್ದೇ ನಾನು ಒಂದೊಂದನ್ನೇ ಎತ್ತಿ ಮತ್ತೆ ಡಬ್ಬಕ್ಕೆ ನೆಟ್ಟೆ, ಬೈದುಕೊಳ್ಳುತ್ತ, ಅಳುತ್ತ. ಬಾಯಿಗೆ ಹೇಳಬೇಡ, ಪಾಪ, ಇನ್ನು ಜೀವಮಾನವಿಡೀ ಕೊರಗುತ್ತಾರೆ ಎಂದರು ನನ್ನ ಗಂಡ. ಒಂದೂ ಏಳಲಿಲ್ಲ. ದಿನಾ ಬೆಳಿಗ್ಗೆ ಗೋಡೆ ಹಿಡಿದು ಬಾಲ್ಕನಿವರೆಗೆ ಹೋಗಿ ನೋಡಿ ಬರುತ್ತಿದ್ದರು. ಆಮೇಲೆ ಹೋಗಲಾರದಾದರು. ಈಸ್ಟರ್‌ಗೆ ಅವರು ಇರಲಿಲ್ಲ.

ಈ ಡಿಸೆಂಬರಿನಲ್ಲಿ ಬಾಯಿ ನನ್ನ ಗೋದಲಿಗೆಂದು ರಾಗಿ ಮೊಳಕೆ ತಂದುಕೊಟ್ಟರು. ಬಿಳಿಚಿಕೊಂಡು ಅರೆಬರೆ ಬಂದಿತ್ತು. ಆ ವರ್ಷ ನಿಮ್ಮ ಬಾಲ್ಕನಿಯಲ್ಲಿ ಎಷ್ಟು ಗಟ್ಟಿಯಾಗಿ ಬಂದಿತ್ತಲ್ಲ, ಅವರು ಬಿತ್ತಿದ್ದು ಯಾವ ಬೀಜ ಎಂದು ಕೇಳಿದರು.

“ಅದು ಯಾವುದೆಂದು ಅವರಿಗೂ ಗೊತ್ತಾಗಲಿಲ್ಲ ಬಾಯಿ” ಎಂದೆ.