ಪಾಸಾದ ಎಣ್ಣೆ

ಅಣ್ಣಿಗೇರಿಯಲ್ಲಿ ನಾನು ಕೆಲಸಕ್ಕಿದ್ದ ಎಣ್ಣೆ ಗಾಣದ ಮಾಲೀಕರು ಗಿರಾಕಿ ಬಂದರೆ ಸಾಕು, ಅಂಗೈಗೆ ಎರಡು ಹನಿ ಹಾಕಿ ತಿಕ್ಕಿ ಅವರ ಮೂಗಿಗೇ ಹಿಡಿಯುತ್ತಿದ್ದರು. “ಅಗದಿ ಶುದ್ಧ ಶೇಂಗಾ ಎಣ್ಣಿರಿ!” ಅದಕ್ಕೆ ಹತ್ತಿಕಾಳಿನ ಎಣ್ಣೆ ಬೆರೆಸುತ್ತಿದ್ದವನು ನಾನೇ, ಅವರು ಹೇಳಿದಷ್ಟು.

ಧಾರವಾಡದ ಅಂಗಡಿಯವರೊಬ್ಬರು, ಕುಲಾಂತರಿ ಬೀಜದ ಅಂಶ ಇಲ್ಲವೆಂದು ಲ್ಯಾಬ್ ಬರೆದುಕೊಟ್ಟರೆ ಮಾತ್ರ ವರ್ಷವಿಡೀ ಎಣ್ಣೆ ಒಯ್ಯುತ್ತೇನೆ ಎಂದರು. ಈಗಿನ ಹತ್ತಿ ಬಹುಪಾಲು ಕುಲಾಂತರಿಯೇ. ಮಾಲೀಕರು ತಮ್ಮ ಮನೆಗೆಂದು ಬೇರೆ ತೆಗೆದಿಟ್ಟ ಡಬ್ಬಿಯಿಂದ ಬಾಟಲಿ ತುಂಬಿ ಲ್ಯಾಬಿಗೆ ಕಳಿಸಿದರು. ಪಾಸಾಯಿತು. ರಿಪೋರ್ಟಿಗೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿ ಊದಿನಕಡ್ಡಿ ಬೆಳಗಿದರು.

ಅಂಗಡಿಯವರು ವ್ಯಾಪಾರದ ಮಾತು ಮುಗಿಸಲು ಮಾಲೀಕರ ಮನೆಗೆ ಬಂದರು. ಮಾರುವ ಡಬ್ಬಿಯೊಂದನ್ನು ಮಾಲೀಕರ ಹೆಂಡತಿಯ ಕೈಗೆ ಕೊಟ್ಟು, “ಅಕ್ಕಾರ, ಇದರಾಗ ನಾಕು ಮಿರ್ಚಿ ಕರೀರಿ, ರುಚಿ ನೋಡೂಣು” ಎಂದರು.

“ಅಯ್ಯ, ಮಾರೂ ಎಣ್ಣಿ ನಮ್ಮ ಒಲಿ ಮ್ಯಾಲೆ ಏರಸಂಗಿಲ್ರಿ. ಲ್ಯಾಬಿಗೆ ಕಳಿಸಿದ್ದು ಒಳಗೈತಿ, ಅದರಾಗ ಕರೀತೀನಿ.”

ಅಂಗಡಿಯವರು ಡಬ್ಬಿ ಅವರ ಕೈಯಲ್ಲೇ ಬಿಟ್ಟು ಚಪ್ಪಲಿ ಮೆಟ್ಟಿಕೊಂಡು ಹೊರಟೇ ಹೋದರು.

ಮಾಲೀಕರು ಹೆಂಡತಿಯ ಮೇಲೆ ಹರಿಹಾಯ್ದರು: “ಅವ್ರು ಮಿರ್ಚಿ ಕೇಳಿದ್ರ ಮಿರ್ಚಿ ಕೊಡಬೇಕು. ಖರೇ ಯಾರ್ ಕೇಳಿದ್ರು ನಿನ್ನ?”